ರೋಹಿಣಿಯ ಪಕ್ಕದ ಎಳೆಯ ನಕ್ಷತ್ರ: ಆರು ಚಳಿಗಾಲಗಳ ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಅನಿಲ ಮತ್ತು ಧೂಳಿನ ಮೋಡ ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಗುತ್ತದೆ, ಅದರ ಸುತ್ತ ಉಳಿದ ಧೂಳಿನಿಂದ ಗ್ರಹಗಳಾಗುತ್ತವೆ ಎಂದು ಹಲವು ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಇದನ್ನ ನೀವು ನೋಡಿದೀರಾ ಸಾರ್?” ಎಂದು ಕೇಳಿದಳು. ನಾನು ನೋಡಿರಲಿಲ್ಲ. ಆ ವರ್ಷವೇ ಉಳಿತಾಯದ ಹಣದಲ್ಲಿ ಆರು ಇಂಚು ಕನ್ನಡಿಯ ದೂರದರ್ಶಕವೊಂದನ್ನು ತರಿಸಿ, ಮನೆಯ ತಾರಸಿಯ ಮೇಲೆ ಇಟ್ಟುಕೊಂಡೆ.

ಎಲ್ಲರಂತೆ ನಾನೂ ಮೊದಲು ತಿರುಗಿಸಿದ್ದು ಮಹಾವ್ಯಾಧದ ನೀಹಾರಿಕೆಯತ್ತ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿರುವ ಅದು ಬರಿಗಣ್ಣಿಗೂ ಮಸುಕಾಗಿ ಕಾಣುತ್ತದೆ. ದೂರದರ್ಶಕದಲ್ಲಿ ನಡುವಿನ ನಾಲ್ಕು ಬಿಳಿ ನಕ್ಷತ್ರಗಳೂ ಅವು ಬೆಳಗಿಸಿರುವ ಅನಿಲವೂ ಮನಸ್ಸನ್ನು ತುಂಬುತ್ತವೆ. ಆದರೆ ಅಲ್ಲಿ ಕಣ್ಣು ಸೆಳೆಯುವುದು ಸೂರ್ಯನಿಗಿಂತ ಬಹಳ ತೂಕದ, ಉಗ್ರವಾಗಿ ಉರಿಯುವ ನಕ್ಷತ್ರಗಳ ಬೆಳಕು. ನನಗೆ ಬೇಕಾಗಿದ್ದುದು ಸೂರ್ಯನಂಥ ಸಾಧಾರಣ ನಕ್ಷತ್ರವೊಂದರ ಎಳೆತನ. ಅದಕ್ಕೆ ತಕ್ಕ ಜಾಗ ವೃಷಭ ರಾಶಿಯಲ್ಲಿ, ನಮ್ಮ ರೈತರಿಗೆಲ್ಲ ಹೆಸರಿನಿಂದ ಗೊತ್ತಿರುವ ರೋಹಿಣಿಯ ಬದಿಯಲ್ಲಿದೆ.

ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ ಎನ್ನುವ ಊರು ನಮ್ಮದು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಹಾಕಲು ಹೊರಟಿದ್ದ ಪಕ್ಕದ ಮನೆಯ ಅಜ್ಜ ಒಮ್ಮೆ ತಾರಸಿಗೆ ಬಂದು, “ಮೇಷ್ಟ್ರೇ, ರೋಹಿಣಿ ಮಳೇಲಿ ರೋಹಿಣಿ ಯಾಕೆ ಕಾಣಲ್ಲ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮೇ ಕೊನೆಗೆ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಸಂಜೆಯ ಹೊತ್ತು ನೆತ್ತಿಯ ಹತ್ತಿರ ಸಿಗಬೇಕಾದರೆ ಜನವರಿಗೆ ಕಾಯಬೇಕು. ನಮ್ಮ ಸೀಮೆಯ ಒಣಹವೆಯಲ್ಲಿ ಜನವರಿಯ ಆಕಾಶ ತಿಳಿಯಾಗಿರುತ್ತದೆ, ಕಣದಲ್ಲಿ ಮೆಕ್ಕೆಜೋಳ ಒಕ್ಕುವ ಯಂತ್ರದ ಧೂಳು ಎದ್ದಿರುವ ದಿನಗಳನ್ನು ಬಿಟ್ಟರೆ.

ಮೊದಲು ಮೋಡವನ್ನೇ ನೋಡಬೇಕೆಂದುಕೊಂಡೆ. ವೃಷಭದ ಮೋಡ ಹೊಳೆಯುವುದಿಲ್ಲ. ಹಿಂದಿನ ನಕ್ಷತ್ರಗಳನ್ನು ಮರೆಮಾಡುತ್ತದೆ, ಅಷ್ಟೆ. ಅಮೆರಿಕದ ಖಗೋಳಜ್ಞ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಇಂಥ ಕಪ್ಪು ಜಾಗಗಳನ್ನು ವರ್ಷಗಟ್ಟಲೆ ಛಾಯಾಚಿತ್ರಗಳಲ್ಲಿ ಹಿಡಿದು 1919ರಲ್ಲಿ ಪಟ್ಟಿಯೊಂದನ್ನು ಪ್ರಕಟಿಸಿದರು. ಕಾಣದ ವಸ್ತುವನ್ನು ಕಾಣುವ ದಾರಿ ಎಣಿಕೆ. ಇಬ್ಬರು ಮಕ್ಕಳನ್ನು ಅವರ ತಂದೆತಾಯಿಯರೊಂದಿಗೆ ಕರೆಸಿ, ಆ ಮೋಡದ ದಿಕ್ಕಿನಲ್ಲಿ ದೂರದರ್ಶಕದ ಒಂದು ನೋಟದೊಳಗೆ ಸಿಗುವ ನಕ್ಷತ್ರಗಳನ್ನು ಎಣಿಸಿದೆವು. ಆಮೇಲೆ ಆಕಾಶಗಂಗೆಯಿಂದ ಅಷ್ಟೇ ದೂರವಿರುವ ಇನ್ನೊಂದು ಜಾಗದಲ್ಲಿ ಎಣಿಸಿದೆವು. ಆಕಾಶಗಂಗೆಯ ಹತ್ತಿರ ನಕ್ಷತ್ರಗಳು ಸಹಜವಾಗಿಯೇ ಹೆಚ್ಚಿರುವುದರಿಂದ ಈ ಎಚ್ಚರ ಅಗತ್ಯ, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಮೋಡದ ದಿಕ್ಕಿನಲ್ಲಿ ನಮಗೆ ಸಿಕ್ಕ ಲೆಕ್ಕ ಇನ್ನೊಂದು ಜಾಗದ ಅರ್ಧದಷ್ಟೂ ಇರಲಿಲ್ಲ. ಬರಿದೆನಿಸುವ ಆ ಜಾಗವೇ ತುಂಬಿದ ಜಾಗವೆಂದು ಮಕ್ಕಳಿಗೆ ಅರ್ಥವಾದ ಗಳಿಗೆ ನನ್ನ ವೃತ್ತಿಯಲ್ಲಿ ನಾನು ಮರೆಯದ ಗಳಿಗೆಗಳಲ್ಲೊಂದು.

ಈ ಮೋಡದ ಬಹುಪಾಲು ಹೈಡ್ರೋಜನ್ ಅಣುಗಳು; ಧೂಳು ತೂಕದಲ್ಲಿ ಶೇಕಡಾ 1ರಷ್ಟು ಮಾತ್ರ. ಆದರೂ ಆ ಒಂದು ಪಾಲು ಎಷ್ಟು ಮುಖ್ಯವೆಂಬುದು ನನಗೆ ತಡವಾಗಿ ತಿಳಿಯಿತು. ಎರಡು ಹೈಡ್ರೋಜನ್ ಪರಮಾಣುಗಳು ಬಯಲಿನಲ್ಲಿ ಎದುರಾದರೆ ಕೂಡಿಕೊಳ್ಳುವುದು ತೀರಾ ಅಪರೂಪ, ಏಕೆಂದರೆ ಕೂಡುವಾಗ ಹೊರಬೀಳುವ ಶಕ್ತಿಯನ್ನು ಹೊರಲು ಮೂರನೆಯದೊಂದು ಬೇಕು. ಧೂಳಿನ ಕಣದ ಮೈ ಆ ಕೆಲಸ ಮಾಡುತ್ತದೆ. ಅದೇ ಧೂಳು ಸುತ್ತಲಿನ ನಕ್ಷತ್ರಗಳ ನೇರಳಾತೀತ ಬೆಳಕನ್ನು ತಡೆದು ಒಳಗಿನ ಅಣುಗಳು ಒಡೆಯದಂತೆ ಕಾಯುತ್ತದೆ. ಒಳಗಿನ ಕಾರ್ಬನ್ ಮೊನಾಕ್ಸೈಡಿನಂಥ ಅಣುಗಳು ಶಾಖವನ್ನು ವಿಕಿರಣವಾಗಿ ಹೊರಚೆಲ್ಲುವುದರಿಂದ ಮೋಡದ ತಿರುಳು ಸೊನ್ನೆಗಿಂತ ಸುಮಾರು 263 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಣ್ಣಗಾಗುತ್ತದೆ. ನಕ್ಷತ್ರ ಹುಟ್ಟಬೇಕಾದರೆ ಮೊದಲು ಇಷ್ಟು ಚಳಿ ಬೇಕು. ಬಿಸಿ ಅನಿಲದ ಒತ್ತಡ ಗುರುತ್ವವನ್ನು ತಡೆದು ನಿಲ್ಲಿಸುತ್ತದೆ. ತಣ್ಣಗಿದ್ದು ಸಾಂದ್ರವಾಗಿದ್ದರೆ ಮಾತ್ರ ಗುರುತ್ವ ಗೆಲ್ಲುತ್ತದೆ. ಈ ಹಗ್ಗಜಗ್ಗಾಟದ ಲೆಕ್ಕವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲಿ ಮಾಡಿ ತೋರಿಸಿದರು.

ಕುಸಿತ ಏಕೆ ಬಿಲ್ಲೆಯ ಆಕಾರಕ್ಕೆ ಬರುತ್ತದೆ ಎಂಬುದನ್ನು ತೋರಿಸಲು ಮುಖ್ಯೋಪಾಧ್ಯಾಯರ ಕೋಣೆಯ ತಿರುಗುವ ಕುರ್ಚಿಯನ್ನು ಬಳಸಿದೆ. ಹುಡುಗನೊಬ್ಬನ ಎರಡೂ ಕೈಗಳಿಗೆ ಇಟ್ಟಿಗೆ ಕೊಟ್ಟು, ಕೈಚಾಚಿಸಿ ಮೆಲ್ಲಗೆ ತಿರುಗಿಸಿ, ಕೈಗಳನ್ನು ಎದೆಗೆ ಎಳೆದುಕೊಳ್ಳಲು ಹೇಳಿದರೆ ಕುರ್ಚಿ ಜೋರಾಗಿ ತಿರುಗುತ್ತದೆ. ಮೋಡವೂ ಹಾಗೆಯೇ. ಮೊದಲು ಗಮನಕ್ಕೆ ಬಾರದಷ್ಟು ನಿಧಾನವಾಗಿ ತಿರುಗುತ್ತಿದ್ದುದು ಕುಗ್ಗಿದಂತೆಲ್ಲ ವೇಗ ಪಡೆಯುತ್ತದೆ. ತಿರುಗುವ ಅಕ್ಷದ ಉದ್ದಕ್ಕೆ ಅನಿಲ ತಡೆಯಿಲ್ಲದೆ ಬೀಳುತ್ತದೆ, ಅಡ್ಡಕ್ಕೆ ಮಾತ್ರ ತಿರುಗುವಿಕೆ ಬೀಳಲು ಬಿಡುವುದಿಲ್ಲ. ಆದ್ದರಿಂದ ನಡುವೆ ಎಳೆಯ ನಕ್ಷತ್ರ, ಸುತ್ತ ಚಪ್ಪಟೆ ಬಿಲ್ಲೆ. ಒಂದು ವರ್ಷ ಕುಂಬಾರರ ತಿಗುರಿಯ ಹೋಲಿಕೆ ಕೊಟ್ಟಿದ್ದೆ, ಆಮೇಲೆ ಬಿಟ್ಟೆ. ತಿಗುರಿಯ ಮೇಲೆ ಮಣ್ಣು ಹೊರಕ್ಕೆ ಹರಡುತ್ತದೆ, ಇಲ್ಲಿ ಎಲ್ಲವೂ ಒಳಕ್ಕೆ ಬೀಳುತ್ತಿರುತ್ತದೆ. ಮಕ್ಕಳ ತಲೆಯಲ್ಲಿ ಉಳಿಯುವ ತಪ್ಪು ಚಿತ್ರಕ್ಕಿಂತ ಹೋಲಿಕೆ ಇಲ್ಲದಿರುವುದೇ ಮೇಲು. ನಮ್ಮ ಸೌರಮಂಡಲ ಇಂಥ ತಿರುಗುವ ಮೋಡದಿಂದ ಬಂದಿತೆಂಬ ಊಹೆ 1755ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಅವರದು, 1796ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಅವರದು. ಬಿಲ್ಲೆಯನ್ನು ಕಣ್ಣಾರೆ ಕಾಣಲು ಸುಮಾರು ಇನ್ನೂರು ವರ್ಷ ಬೇಕಾಯಿತು.

ನಾನು ಆಯ್ದುಕೊಂಡ ನಕ್ಷತ್ರ ಟಿ ಟಾರಿ. ಸುಮಾರು 470 ಜ್ಯೋತಿರ್ವರ್ಷ ದೂರದಲ್ಲಿರುವ ಅದರಿಂದ ಇಂದು ನನ್ನ ಕಣ್ಣಿಗೆ ಬೀಳುವ ಬೆಳಕು, ಮತ್ತಿ ತಿಮ್ಮಣ್ಣ ನಾಯಕರು ಚಿತ್ರದುರ್ಗದಲ್ಲಿ ಪಾಳೆಯಪಟ್ಟು ಕಟ್ಟಿದ ಹದಿನಾರನೆಯ ಶತಮಾನದಲ್ಲಿ ಹೊರಟದ್ದು. ಅದರ ವಯಸ್ಸು ಕೆಲವು ಲಕ್ಷ ವರ್ಷಗಳಿಂದ ಹತ್ತು ಲಕ್ಷ ವರ್ಷಗಳ ಆಸುಪಾಸು. ಹುಡುಕುವ ದಾರಿ ಹೀಗೆ: ರೋಹಿಣಿ ಇಂಗ್ಲಿಷಿನ ವಿ ಆಕಾರದ ನಕ್ಷತ್ರಗುಂಪಿನ ಒಂದು ತುದಿಯಲ್ಲಿದೆ, ಇನ್ನೊಂದು ತುದಿಯಲ್ಲಿರುವುದು ಎಪ್ಸಿಲಾನ್ ಟಾರಿ, ಅಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು ಸರಿದರೆ ಟಿ ಟಾರಿ.

ಇಲ್ಲಿಯೇ ನಾನು ಒಂದು ಇಡೀ ತಿಂಗಳನ್ನು ಕಳೆದುಕೊಂಡೆ. ಕನ್ನಡಿಯ ದೂರದರ್ಶಕದಲ್ಲಿ ನೋಟ ತಲೆಕೆಳಗಾಗಿರುತ್ತದೆ ಎಂದು ಪಾಠದಲ್ಲಿ ಹೇಳುವ ನಾನೇ ತಾರಸಿಯ ಮೇಲೆ ಅದನ್ನು ಮರೆತು, ಪೂರ್ವಕ್ಕೆ ಸರಿದು, ಯಾವುದೋ ಸಾಮಾನ್ಯ ನಕ್ಷತ್ರದ ಕಾಂತಿಯನ್ನು ರಾತ್ರಿ ರಾತ್ರಿ ಬರೆದಿಡುತ್ತಿದ್ದೆ. ಅಕ್ಕಪಕ್ಕದ ನಕ್ಷತ್ರಗಳು ನಕ್ಷೆಗೆ ಹೊಂದದಿದ್ದಾಗ ಸಂಶಯ ಬಂತು. ಪರಿಹಾರ ಸುಲಭ: ದೂರದರ್ಶಕವನ್ನು ಅಲುಗಿಸದೆ ಒಂದೆರಡು ನಿಮಿಷ ಸುಮ್ಮನೆ ನೋಡಬೇಕು. ಭೂಮಿಯ ತಿರುಗುವಿಕೆಯಿಂದ ನಕ್ಷತ್ರಗಳು ನೋಟದ ಯಾವ ಅಂಚಿನಿಂದ ಹೊರಬೀಳುತ್ತವೆಯೋ ಅದೇ ಪಶ್ಚಿಮ. ಆ ದಿನದಿಂದ ನೋಟ್‌ಬುಕ್ಕಿನ ಪ್ರತಿ ಪುಟದ ಮೂಲೆಯಲ್ಲಿ ಮೊದಲು ಬಾಣದ ಗುರುತು ಹಾಕಿ ಆಮೇಲೆ ಉಳಿದುದನ್ನು ಬರೆಯುತ್ತೇನೆ.

ಟಿ ಟಾರಿ ಕಾಣುವುದು ಸಣ್ಣ ಹಳದಿ ಚುಕ್ಕೆಯಾಗಿ, ಅಷ್ಟೆ. ಟಾರ್ಚಿಗೆ ಕೆಂಪು ಗಾಳಿಪಟದ ಕಾಗದ ಸುತ್ತಿ, ಅರ್ಧ ಗಂಟೆ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು, ಕಾಂತಿ ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡುತ್ತೇನೆ. ಅದರ ಕಾಂತಿಯಲ್ಲಿ ಕ್ರಮವಿಲ್ಲ. ಬಿಲ್ಲೆಯಿಂದ ಅನಿಲ ಇನ್ನೂ ನಕ್ಷತ್ರದ ಮೇಲೆ ಸುರಿಯುತ್ತಿದೆ, ಧೂಳು ಆಗಾಗ ಅಡ್ಡ ಬರುತ್ತದೆ, ಮೈಮೇಲಿನ ದೊಡ್ಡ ಕಲೆಗಳು ತಿರುಗುತ್ತವೆ. ಇಂಗ್ಲೆಂಡಿನ ಖಗೋಳಜ್ಞ ಜಾನ್ ರಸೆಲ್ ಹಿಂಡ್ 1852ರಲ್ಲಿ ಇದರ ಪಕ್ಕದಲ್ಲಿ ಕಂಡ ಮಸುಕು ನೀಹಾರಿಕೆ ಮುಂದಿನ ದಶಕದಲ್ಲಿ ಕಾಣದಷ್ಟು ಮಂಕಾಗಿ, ಬಹುಕಾಲದ ಮೇಲೆ ಮತ್ತೆ ಸಿಕ್ಕಿತು. ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳು ಅದು, ಹತ್ತಿರದ ಧೂಳಿನ ನೆರಳು ಬಿದ್ದಾಗ ಮಂಕಾಗುತ್ತದೆ. ನನ್ನ ದೂರದರ್ಶಕಕ್ಕೆ ಅದು ಒಮ್ಮೆಯೂ ದಕ್ಕಿಲ್ಲ. ಟಿ ಟಾರಿಯ ಒಡಲಲ್ಲಿ ಹೈಡ್ರೋಜನ್ ಸಮ್ಮಿಳನ, ಅಂದರೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವ ಕ್ರಿಯೆ, ಇನ್ನೂ ಆರಂಭವಾಗಿಲ್ಲ. ಕುಗ್ಗುವುದರಿಂದ ಹುಟ್ಟುವ ಶಾಖದಿಂದಲೇ ಬೆಳಗುತ್ತಿದೆ. ಸೂರ್ಯನೂ ಇಂಥ ಎಳೆತನದಲ್ಲಿ ಕೆಲವು ಕೋಟಿ ವರ್ಷ ಕಳೆದಿದ್ದಾನೆ.

ಗ್ರಹಗಳ ಮಾತಿಗೆ ಬಂದರೆ, ರೋಹಿಣಿಯಿಂದ ಎರಡೇ ಡಿಗ್ರಿ ದೂರದಲ್ಲಿ ಎಚ್‌ಎಲ್ ಟಾರಿ ಎಂಬ ಇನ್ನೊಂದು ಎಳೆಯ ನಕ್ಷತ್ರವಿದೆ. ಧೂಳಿನಲ್ಲಿ ಹುದುಗಿರುವ ಅದು ನನಗೆ ಕಾಣುವುದಿಲ್ಲ; ದಿಕ್ಕು ತೋರಿಸಿ, ಮುದ್ರಿಸಿದ ಚಿತ್ರವನ್ನು ಕೆಂಪು ಬೆಳಕಿನಲ್ಲಿ ಮಕ್ಕಳ ಮುಂದಿಡುತ್ತೇನೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಸುಮಾರು 5,000 ಮೀಟರ್ ಎತ್ತರದಲ್ಲಿ 66 ಆಂಟೆನಾಗಳಿರುವ ಆಲ್ಮಾ ದೂರದರ್ಶಕ 2014ರಲ್ಲಿ ತೆಗೆದ ಚಿತ್ರವದು: ಒಂದರೊಳಗೊಂದು ಉಂಗುರಗಳು, ನಡುವೆ ಕಪ್ಪು ಓಣಿಗಳು. ಹತ್ತು ಲಕ್ಷ ವರ್ಷವೂ ತುಂಬದ ನಕ್ಷತ್ರದ ಸುತ್ತ ಇಷ್ಟು ಬೇಗ ಓಣಿಗಳು ಮೂಡಿರುವುದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಬೆಳೆಯುತ್ತಿರುವ ಗ್ರಹಗಳು ಅವನ್ನು ತೆರವು ಮಾಡುತ್ತಿರಬಹುದು ಎಂಬುದು ಮುಖ್ಯ ವಿವರಣೆ. ಹೊಗೆಯ ಕಣದಷ್ಟು ಸಣ್ಣ ಧೂಳು ಅಂಟಿಕೊಂಡು ಹರಳಾಗುವುದು ಸುಲಭ. ಗಾತ್ರ ಒಂದು ಮೀಟರಿನ ಹತ್ತಿರ ಬಂದಾಗ ಕಷ್ಟ ಎದುರಾಗುತ್ತದೆ, ಏಕೆಂದರೆ ಸುತ್ತಲಿನ ಅನಿಲ ವೇಗ ತಗ್ಗಿಸಿ ಅಂಥ ಬಂಡೆಗಳನ್ನು ನಕ್ಷತ್ರದತ್ತ ಜಾರಿಸುತ್ತದೆ. ಅನಿಲವೇ ಕೆಲವು ಹರಳುಗಳನ್ನು ಒಂದೆಡೆ ದಟ್ಟವಾಗಿಸಿ, ಅವು ತಮ್ಮ ಗುರುತ್ವದಿಂದ ನೇರವಾಗಿ ಕಿಲೋಮೀಟರ್‌ಗಟ್ಟಲೆ ಗಾತ್ರದ ಕಾಯಗಳಾಗುತ್ತವೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಎಲ್ಲವೂ ಬೇಗ ಮುಗಿಯಬೇಕು: ಬಿಲ್ಲೆಯ ಅನಿಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಗುತ್ತದೆ, ಗುರುವಿನಂಥ ಅನಿಲಗ್ರಹ ಅಷ್ಟರೊಳಗೆ ಹುಟ್ಟಿರಬೇಕು.

ಅದೇ ಸಂಜೆ, ದೂರದರ್ಶಕವನ್ನು ಹೆಚ್ಚು ತಿರುಗಿಸದೆ, ಮುಂದಿನ ಹಂತಗಳನ್ನೂ ತೋರಿಸಬಹುದು. ಪಶ್ಚಿಮಕ್ಕಿರುವ ಕೃತ್ತಿಕೆಯ ವಯಸ್ಸು ಸುಮಾರು 10 ಕೋಟಿ ವರ್ಷ. ರೋಹಿಣಿಯ ಸುತ್ತಲಿನ ವಿ ಗುಂಪಿನ ವಯಸ್ಸು ಸುಮಾರು 65 ಕೋಟಿ ವರ್ಷ. ರೋಹಿಣಿ ಮಾತ್ರ ಆ ಗುಂಪಿನದಲ್ಲ, ನಮಗೆ ಬಹಳ ಹತ್ತಿರವಿದ್ದು ಅದೇ ದಿಕ್ಕಿನಲ್ಲಿ ಕಾಣುತ್ತದೆ. ಟಿ ಟಾರಿಗೆ ದಾರಿ ತೋರಿಸುವ ಎಪ್ಸಿಲಾನ್ ಟಾರಿ ಆ ಗುಂಪಿನದೇ, ಮತ್ತು ಅದರ ಸುತ್ತ ಒಂದು ಗ್ರಹವಿರುವುದು 2007ರಲ್ಲಿ ಪತ್ತೆಯಾಯಿತು. ಬರಿಗಣ್ಣಿಗೆ ಕಾಣುವ ಆ ನಕ್ಷತ್ರವನ್ನು ಪಕ್ಕದ ಮನೆಯ ಅಜ್ಜನಿಗೆ ಬೆರಳಿಟ್ಟು ತೋರಿಸಿದಾಗ, ಅಲ್ಲಿಯೂ ಮಳೆ ಬರುತ್ತದೆಯೇ ಎಂದು ಕೇಳಿದರು. ಅದು ಗುರುವಿನ ಏಳು ಪಟ್ಟಿಗೂ ಹೆಚ್ಚು ತೂಕದ ಗ್ರಹ, ಕಾಲಿಡಲು ನೆಲವಿರುವ ಜಾಗವಲ್ಲ ಎಂದೆ.

ಈಗ ನೋಟ್‌ಬುಕ್ಕಿನಲ್ಲಿ ಆರು ಚಳಿಗಾಲಗಳ ಅಂದಾಜುಗಳಿವೆ, ಮೊದಲ ತಿಂಗಳಿನದನ್ನು ಅಡ್ಡಗೀರು ಎಳೆದು ಹಾಗೆಯೇ ಉಳಿಸಿದ್ದೇನೆ. ಪ್ರಶ್ನೆ ಕೇಳಿದ್ದ ಹುಡುಗಿ ಚಿತ್ರದುರ್ಗದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ, ಸಂಕ್ರಾಂತಿ ರಜೆಗೆ ಬಂದಾಗ ತಾನೇ ಎಪ್ಸಿಲಾನ್ ಟಾರಿಯಿಂದ ಪಶ್ಚಿಮಕ್ಕೆ ಸರಿದು ಟಿ ಟಾರಿಯನ್ನು ಹಿಡಿದಳು, ಬಾಣದ ಗುರುತು ಹಾಕಿದಳು, ನನ್ನ ಅಂದಾಜು ಕೇಳದೆ ತನ್ನದನ್ನು ಬರೆದಳು.