ಸತ್ತ ಭಾಗಕ್ಕೆ ನೂರು ರೂಪಾಯಿ, ಹಾಕದೇ ಬಿಟ್ಟ ಭಾಗಕ್ಕೆ ಐದು: ಇಂಡಕ್ಷನ್ ಒಲೆಯ ರಿಪೇರಿಯಲ್ಲಿ ನನ್ನ ಅನುಭವ

ಇಂಡಕ್ಷನ್ ಒಲೆಯ ಬೋರ್ಡ್ ರಿಪೇರಿ ಮಾಡಿ ಆರು ತಿಂಗಳ ಗ್ಯಾರಂಟಿಯನ್ನು ಚೀಟಿಯಲ್ಲಿ ಬರೆದುಕೊಡುವವನು ಚಿಂತಾಮಣಿಯಲ್ಲಿ, ನನಗೆ ತಿಳಿದಂತೆ, ನಾನೊಬ್ಬನೇ. ಜಂಬ ಎಂದುಕೊಂಡರೂ ಅಡ್ಡಿಯಿಲ್ಲ. ಎರಡು ವರ್ಷದ ಹಿಂದೆ ಈ ಮಾತು ಎತ್ತಿದಾಗ ನಮ್ಮ ಕಸುಬಿನವರೇ ನಕ್ಕಿದ್ದರು. "ಸಾವಿರದ ಇನ್ನೂರಕ್ಕೆ ಹೊಸ ಒಲೆಯೇ ಸಿಗುತ್ತದೆ, ನಿನ್ನ ಗ್ಯಾರಂಟಿ ಇಟ್ಟುಕೊಂಡು ಯಾರು ಏನು ಮಾಡುತ್ತಾರೆ?" ಎಂದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಸಾಮಾನು ಕೊಳ್ಳುವ ಅಂಗಡಿಯವರಂತೂ, "ಬೋರ್ಡ್ ಬಿಸಾಡಿ, ಯಾವ ಒಲೆಗಾದರೂ ಆಗುವ ಯೂನಿವರ್ಸಲ್ ಬೋರ್ಡ್ ಹಾಕಿ ಕೈತೊಳೆದುಕೊಳ್ಳಿ" ಎಂದು ಬುದ್ಧಿ ಹೇಳಿ ಒಂದಷ್ಟು ಬೋರ್ಡ್‌ಗಳನ್ನು ಚೀಲಕ್ಕೆ ತುಂಬಿಸಿಯೇ ಕಳಿಸಿದರು.

ಆ ಬೋರ್ಡ್‌ಗಳ ಕಥೆ ಮೊದಲು. ಒಂದಕ್ಕೆ ಆಗ ನಾನೂರೈವತ್ತೋ ಐನೂರೋ ಬಿದ್ದಿತ್ತು. ಕೂಡಿಸುವುದು ಸುಲಭ, ಅರ್ಧ ಗಂಟೆಯ ಕೆಲಸ. ಆದರೆ ಬೋರ್ಡ್‌ನಲ್ಲಿರುವ ಕೆಪಾಸಿಟರ್ ಅದನ್ನು ಮಾಡಿದವರ ಲೆಕ್ಕದ ಕಾಯಿಲ್‌ಗೆ, ಅಂದರೆ ಗಾಜಿನ ಕೆಳಗಿದ್ದು ಪಾತ್ರೆ ಕಾಯಿಸುವ ತಂತಿಯ ಸುರುಳಿಗೆ, ಹೊಂದುವಂಥದ್ದು; ಒಲೆಯೊಳಗಿನ ಕಾಯಿಲ್ ಯಾರ ಲೆಕ್ಕದ್ದೋ. ಕೆಲವು ಒಲೆಗಳು ಪಾತ್ರೆಯೇ ಇಲ್ಲ ಎಂದು ಕೂಗಿಕೊಂಡವು. ಕೆಲವು ಕೆಲಸ ಮಾಡಿದವು, ಆದರೆ ಹತ್ತು ನಿಮಿಷಕ್ಕೆ ಬಿಸಿ ಹೀರುವ ಲೋಹದ ತುಂಡು, ಹೀಟ್‌ಸಿಂಕ್, ಮುಟ್ಟಲು ಆಗುತ್ತಿರಲಿಲ್ಲ. ಎಂಟುನೂರು ತೆಗೆದುಕೊಂಡು ಹಾಕಿಕೊಟ್ಟ ಬೋರ್ಡ್ ತಿಂಗಳೊಳಗೆ ಮರಳಿ ಬಂದರೆ ಗ್ರಾಹಕರಿಗೆ ಏನು ಹೇಳುವುದು? ಹಣ ವಾಪಸ್ ಕೊಟ್ಟೆ. ಒಟ್ಟು ಐದಾರು ಸಾವಿರ ಹೋಗಿರಬೇಕು. ಉಳಿದ ಬೋರ್ಡ್‌ಗಳನ್ನು ಬಿಚ್ಚಿ ಬಿಡಿಭಾಗ ಮಾಡಿಕೊಂಡೆ.

ಆಮೇಲೆ ಐಜಿಬಿಟಿ, ಅಂದರೆ ಕಾಯಿಲ್‌ನ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುವ ಭಾಗ, ಅದನ್ನು ಬದಲಿಸುವ ಹಾದಿ ಹಿಡಿದೆ. ಇದು ಎಲ್ಲರೂ ಮಾಡುವುದೇ. ಐಜಿಬಿಟಿ, ಎ.ಸಿ.ಯನ್ನು ಡಿ.ಸಿ. ಮಾಡುವ ಬ್ರಿಡ್ಜ್, ಫ್ಯೂಸ್ ಮೂರೂ ಹೋಗಿರುತ್ತವೆ, ಮೂರನ್ನೂ ಹಾಕುತ್ತೇವೆ, ಒಲೆ ಉರಿಯುತ್ತದೆ, ನಾನೂರು ರೂಪಾಯಿ ಎಣಿಸುತ್ತೇವೆ. ಎರಡು ವಾರಕ್ಕೆ ಅದೇ ಒಲೆ, ಅದೇ ಸುಟ್ಟ ವಾಸನೆ. ಮೊದಲು ಅನುಮಾನ ಬಿದ್ದದ್ದು ಐಜಿಬಿಟಿಯ ಮೇಲೆ. 20 ಆಂಪಿಯರ್, 1200 ವೋಲ್ಟ್ ಎಂದು ಮುದ್ರೆ ಇರುತ್ತದೆ, ಒಳಗಿರುವ ಚಿಪ್ಪು ಯಾವುದೋ ಸಣ್ಣದು. ಹಳೆಯ ಅಸಲಿ ಒಲೆಯೊಂದರಿಂದ ತೆಗೆದದ್ದನ್ನು, ಅಂಗಡಿಯಿಂದ ತಂದ ಹೊಸದನ್ನು, ಪರಿಚಯದ ಚಿನ್ನದ ಅಂಗಡಿಯವರ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹೊಸದು ಹಗುರ. ಕೆಪಾಸಿಟರ್ ಮೀಟರನ್ನು ಅದರ ಗೇಟ್ ಮತ್ತು ಎಮಿಟರ್ ಎಂಬ ಎರಡು ಕಾಲುಗಳ ನಡುವೆ ಹಿಡಿದರೆ ಹೊಸದು ಅಸಲಿಯ ಅರ್ಧಕ್ಕಿಂತ ತುಸು ಹೆಚ್ಚು ತೋರಿಸಿತು. ಅಂದಿನಿಂದ ಮೀಟರ್ ಜೇಬಿನಲ್ಲಿಟ್ಟುಕೊಂಡೇ ಎಸ್.ಪಿ. ರಸ್ತೆಗೆ ಹೋಗುತ್ತೇನೆ. ಎಷ್ಟು ತೋರಿಸಿದರೆ ಕೊಳ್ಳುತ್ತೇನೆ, ಯಾವ ಗಲ್ಲಿಯಲ್ಲಿ ಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅಸಲಿ ಒಂದನ್ನು ಕಿತ್ತು ಅಳೆದುಕೊಂಡರೆ ನಿಮಗೇ ತಿಳಿಯುತ್ತದೆ.

ಅಸಲಿ ಹಾಕಿದ ಮೇಲೆ ವಾಪಸ್ ಬರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಅದರಲ್ಲೂ ಕೈವಾರದ ಕಡೆಯ ಹಳ್ಳಿಗಳಿಂದ, ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದೇ ಬೀದಿಯ ನಾಲ್ಕೈದು ಒಲೆಗಳು ಒಂದೇ ದಿನ ಬರುತ್ತಿದ್ದವು. ಕೇಳಿದರೆ, "ಗಾಳಿ ಬಂದಾಗ ಬಲ್ಬು ಬೆಳ್ಳಗೆ ಉರಿದು ಢಬ್ ಅಂದಿತು" ಎನ್ನುತ್ತಿದ್ದರು. ಲೈನಿನ ನ್ಯೂಟ್ರಲ್ ತಂತಿ ಕಡಿದಿದೆ ಎಂದು ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. 230 ಇರಬೇಕಾದ ಕಡೆ ಮುನ್ನೂರೈವತ್ತು, ಕೆಲವೊಮ್ಮೆ ನಾನೂರರ ಹತ್ತಿರ ಹೋಗುತ್ತದೆ.

ಆ ಬೀದಿಯ ಒಲೆಗಳನ್ನು ಮೇಜಿನ ಮೇಲೆ ಸಾಲಾಗಿ ಬಿಚ್ಚಿಟ್ಟಾಗ ಕಣ್ಣಿಗೆ ಬಿದ್ದದ್ದು ಇದು. ಒಳ್ಳೆಯ ಕಂಪನಿಯ ಒಲೆಯಲ್ಲಿ ಫ್ಯೂಸಿನ ಪಕ್ಕ ನೀಲಿ ಬಿಲ್ಲೆಯಂಥ ವೇರಿಸ್ಟರ್ (ವೋಲ್ಟೇಜ್ ಮಿತಿ ಮೀರಿದಾಗ ಹೊಡೆತವನ್ನು ತಾನು ತಿಂದು ಫ್ಯೂಸ್ ಹಾರಿಸುವ ಭಾಗ) ಸಿಡಿದು ಕಪ್ಪಾಗಿತ್ತು, ಫ್ಯೂಸ್ ಹೋಗಿತ್ತು, ಉಳಿದದ್ದೆಲ್ಲ ಸರಿಯಾಗಿತ್ತು. ಹೆಸರಿಲ್ಲದ ಅಗ್ಗದ ಒಲೆಗಳಲ್ಲಿ ಅದೇ ಜಾಗದಲ್ಲಿ ಬಿಳಿ ಅಕ್ಷರದ ಗುರುತಿದೆ, ವೃತ್ತದ ಗೆರೆಯಿದೆ, ಎರಡು ತೂತುಗಳಿಗೆ ಸೋಲ್ಡರ್ ತುಂಬಿದೆ, ವೇರಿಸ್ಟರೇ ಇಲ್ಲ. ಒಂದರಲ್ಲಿ ಫ್ಯೂಸಿನ ಜಾಗದಲ್ಲೂ ತಂತಿಯ ತುಂಡು. ಅಂದರೆ ಬೋರ್ಡನ್ನು ರೂಪಿಸಿದವನು ಸರಿಯಾಗಿಯೇ ರೂಪಿಸಿದ್ದಾನೆ, ಕೂಡಿಸುವಾಗ ಯಾರೋ ಐದು ರೂಪಾಯಿ ಉಳಿಸಿದ್ದಾರೆ. ನಾವು ಸತ್ತದ್ದನ್ನೇ ಬದಲಿಸುತ್ತಾ ಕೂತಿದ್ದೆವು, ಮೊದಲಿನಿಂದಲೂ ಇಲ್ಲದ್ದನ್ನು ಹಾಕುತ್ತಿರಲಿಲ್ಲ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಒಲೆ ಬಂದ ಕೂಡಲೇ ಖಾಲಿ ತೂತುಗಳನ್ನು ಹುಡುಕುತ್ತೇನೆ. 471 ನಂಬರಿನ ವೇರಿಸ್ಟರ್ ಹಾಕುತ್ತೇನೆ, 10 ಮಿ.ಮೀ. ಜಾಗವಿದ್ದರೂ ಕಾಲು ಬಗ್ಗಿಸಿ 14 ಮಿ.ಮೀ.ನದ್ದೇ ಕೂರಿಸುತ್ತೇನೆ. ತಂತಿಯ ತುಂಡು ಕಿತ್ತು ಸಿರಾಮಿಕ್ ಫ್ಯೂಸ್. ಐಜಿಬಿಟಿ ಹಾಕುವ ಮೊದಲೇ ಬೋರ್ಡಿಗೆ ಕರೆಂಟ್ ಕೊಟ್ಟು ಅದರೊಳಗೆ 18 ವೋಲ್ಟ್, 5 ವೋಲ್ಟ್ ಸರಿಯಾಗಿ ಬರುತ್ತಿವೆಯೇ ನೋಡಿಕೊಳ್ಳುತ್ತೇನೆ. ಐಜಿಬಿಟಿಯನ್ನು ನಡೆಸುವ ಡ್ರೈವ್ ಟ್ರಾನ್ಸಿಸ್ಟರ್ ಜೋಡಿ ಮತ್ತು ಅದರ ಗೇಟಿನ ವೋಲ್ಟೇಜ್ ಮಿತಿಯಲ್ಲಿಡುವ ಝೀನರ್ ಚೆನ್ನಾಗಿ ಕಂಡರೂ ಕಿತ್ತು ಹೊಸದು; ಮೂರೂ ಸೇರಿ ನಾಲ್ಕೈದು ರೂಪಾಯಿ ಆಗಬಹುದು. ಕಾಯಿಲ್‌ನ ಕಡೆಯಿಂದ ಕಂಪೇರೇಟರ್‌ಗೆ (ವೋಲ್ಟೇಜ್ ಹೋಲಿಸಿ ನೋಡಿ ಐಜಿಬಿಟಿ ಯಾವಾಗ ಆನ್ ಆಗಬೇಕು ಎಂದು ಹೇಳುವ ಭಾಗ) ಹೋಗುವ ಹೆಚ್ಚು ಓಮ್‌ನ ರೆಸಿಸ್ಟರ್‌ಗಳನ್ನು ಬೋರ್ಡಿನಿಂದ ಒಂದು ಕಾಲು ಎತ್ತಿ ಅಳೆಯಲೇಬೇಕು. ಬಣ್ಣ ಮಾಸಿರುವುದಿಲ್ಲ, ಸುಟ್ಟ ಗುರುತಿರುವುದಿಲ್ಲ, ಆದರೂ ಓಮ್ ಏರಿರುತ್ತದೆ. ಆಗ ಐಜಿಬಿಟಿ ಹೊತ್ತಲ್ಲದ ಹೊತ್ತಿನಲ್ಲಿ ಆನ್ ಆಗಿ ಬಿಸಿಯಾಗುತ್ತದೆ, ಒಂದು ದಿನ ಸಿಡಿಯುತ್ತದೆ. ಎರಡು ವಾರಕ್ಕೆ ವಾಪಸ್ ಬರುತ್ತಿದ್ದ ಒಲೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು ಎಂದು ನನ್ನ ಲೆಕ್ಕ. ಒಂದು ನಿರ್ದಿಷ್ಟ ಜಾಗದ ರೆಸಿಸ್ಟರನ್ನು ನಾನು ಮೂಲದ ಓಮ್‌ಗೆ ಬದಲಾಗಿ ತುಸು ಬೇರೆ ಓಮ್‌ನದು ಹಾಕುತ್ತೇನೆ. ಅದು ನನ್ನ ಅನ್ನ, ಬರೆಯಲಾರೆ.

ಪರೀಕ್ಷೆ ಮಾಡುವಾಗ ಬೋರ್ಡಿಗೆ ನೇರ ಕರೆಂಟ್ ಕೊಡದೆ ನಡುವೆ ಜೋಡಿಸುವ ಬಲ್ಬು, ಅಂದರೆ ಸೀರೀಸ್ ಲ್ಯಾಂಪ್, ಅದರ ಬಗ್ಗೆ ಒಂದೇ ಮಾತು: 100 ವ್ಯಾಟ್ ಬಲ್ಬಿನಲ್ಲಿ ಎಷ್ಟೋ ಬೋರ್ಡ್‌ಗಳು ವೋಲ್ಟೇಜ್ ಕಡಿಮೆ ಎಂದು ಎರರ್ ತೋರಿಸಿ ನಿಂತುಬಿಡುತ್ತವೆ. ಬೋರ್ಡ್ ಕೆಟ್ಟಿದೆ ಎಂದು ಹುಡುಕುತ್ತಾ ಕೂರಬೇಡಿ, 200 ವ್ಯಾಟ್ ಹಾಕಿ. ತಂತಿ ಬಲ್ಬು ಸಿಗುವುದೇ ಕಷ್ಟವಾಗಿದೆ, ಕಂಡಲ್ಲಿ ಎರಡು ಕೊಂಡಿಟ್ಟುಕೊಳ್ಳಿ.

ಪದ್ಧತಿ ಬದಲಿಸಿದ ಮೇಲೆ ಮೊದಲ ಗ್ಯಾರಂಟಿ ಒಲೆ ವಾಪಸ್ ಬಂದಾಗ ಅಂಗಡಿಯಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ಕೂತಿದ್ದರು. "ಬಂತು ನೋಡು" ಎಂದರು. ಬಿಚ್ಚಿದೆ. ವೇರಿಸ್ಟರ್ ಎರಡು ಹೋಳಾಗಿತ್ತು, ಫ್ಯೂಸ್ ಹೋಗಿತ್ತು, ಐಜಿಬಿಟಿ ಮೀಟರಿನಲ್ಲಿ ಸರಿಯಾಗಿ ತೋರಿಸಿತು. ಇಪ್ಪತ್ತು ರೂಪಾಯಿಯ ಸಾಮಾನು, ಹದಿನೈದು ನಿಮಿಷದ ಕೆಲಸ, ಕೂಲಿ ಇಲ್ಲ. ನಾನು ಏನೂ ಹೇಳಲಿಲ್ಲ, ಅವರಿಗೇ ಟೀ ತರಿಸಿದೆ.

ಈಗ ದುಡ್ಡಿನ ಲೆಕ್ಕ. ಬಸ್ ನಿಲ್ದಾಣದ ಹತ್ತಿರ ಸಣ್ಣ ಮೆಸ್ ನಡೆಸುವ ಅಕ್ಕ ಒಬ್ಬರು ನನ್ನ ಕಾಯಂ ಗ್ರಾಹಕರು. "ಗ್ಯಾಸ್ ಉಳಿಸಬೇಕು ಎಂದು ಇದನ್ನು ತಂದೆ ಅಣ್ಣ, ಈಗ ಒಲೆ ಕೊಳ್ಳುವುದಕ್ಕೇ ದುಡಿಯುವ ಹಾಗಾಗಿದೆ" ಎಂದರು. ಕೂತು ಲೆಕ್ಕ ಹಾಕಿದೆವು. ಎರಡು ವರ್ಷದಲ್ಲಿ ಹೆಸರಿಲ್ಲದ ಮೂರು ಒಲೆ, ಸುಮಾರು 3,700. ಬೇರೆಡೆ ಎರಡು ಸಲ ರಿಪೇರಿ, 800. ಸುಟ್ಟುಹೋದ ಸಾಕೆಟ್, ಪ್ಲಗ್, ಎಲೆಕ್ಟ್ರಿಷಿಯನ್ ಕೂಲಿ, ನಾನೂರು ನಾನೂರೈವತ್ತು. ಹತ್ತಿರ ಹತ್ತಿರ ಐದು ಸಾವಿರ. ಹೆಸರಾಂತ ಕಂಪನಿಯ ಒಲೆಗೆ ಮೂರು ಸಾವಿರದೊಳಗೆ ಆಗುತ್ತಿತ್ತು.

ಸಾಕೆಟ್ ಯಾಕೆ ಸುಟ್ಟಿತು ಎಂದು ಅವರ ಒಲೆಯ ವೈರನ್ನು ಕತ್ತರಿಸಿ ನೋಡಿದೆ. ಹೊರಗೆ ದಪ್ಪ, ಒಳಗೆ ಕೂದಲಿನಂಥ ಎಳೆಗಳು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಎದ್ದು ಹೋಗಿ ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದರ ತುದಿಗೆ ಆರು ಆಂಪಿಯರಿನ ಸಣ್ಣ ಪ್ಲಗ್. ಒಲೆಯ ಮೇಲೆ ಬರೆದ 2000 ವ್ಯಾಟ್ ಎಂದರೆ ಒಂಬತ್ತು ಆಂಪಿಯರ್ ಹತ್ತಿರ. ಪ್ಲಗ್ ಕರಗದೆ ಏನು ಮಾಡೀತು? ಆದರೆ ಆ ಒಲೆ 2000 ಎಳೆಯುವುದೂ ಇಲ್ಲ. ಮೀಟರ್ ಹಾಕಿದರೆ ಸಾವಿರದ ಮುನ್ನೂರು ಮುನ್ನೂರೈವತ್ತು ತೋರಿಸಿತು, ಅಂದರೆ ಆರು ಆಂಪಿಯರಿನ ಹತ್ತಿರ; ಆ ವೈರು, ಆ ಪ್ಲಗ್‌ಗೆ ಅದೇ ಭಾರವಾಗಿತ್ತು. ಒಲೆ ಕಡಿಮೆ ಎಳೆಯುವುದರಿಂದ ಕರೆಂಟ್ ಬಿಲ್ ಏರುವುದಿಲ್ಲ, ಸಾಂಬಾರ್ ಕುದಿಯುವ ಹೊತ್ತು ಏರುತ್ತದೆ, ಬೆಳಗ್ಗೆ ಗಿರಾಕಿ ಕಾಯುತ್ತಾ ನಿಲ್ಲುತ್ತಾರೆ. ಆ ನಷ್ಟವನ್ನು ನಾವು ಐದು ಸಾವಿರದಲ್ಲಿ ಸೇರಿಸಿರಲಿಲ್ಲ. ಈಗ ನನ್ನ ಅಂಗಡಿಯಿಂದ ಹೋಗುವ ಪ್ರತಿ ಒಲೆಗೂ ತಾಮ್ರದ ದಪ್ಪ ವೈರು, 16 ಆಂಪಿಯರಿನ ಮೂರು ಕಾಲಿನ ಪ್ಲಗ್ ಕಡ್ಡಾಯ. ಬೇಡ ಎಂದರೆ ಗ್ಯಾರಂಟಿ ಇಲ್ಲ.

ಗಾಜು ನಮ್ಮ ಕಡೆಯ ವಿಶೇಷ ಕಾಯಿಲೆ. ರಾಗಿ ಮುದ್ದೆಯನ್ನು ಒಲೆಯ ಮೇಲೆಯೇ ತೊಳಸುತ್ತಾರೆ. ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ಮುದ್ದೆ ಕೋಲಿನಲ್ಲಿ ತಿರುಗಿಸಿದರೆ ಯಾವ ಗಾಜು ತಡೆಯುತ್ತದೆ? ಬಿರುಕಿನಿಂದ ಎಸರು ಇಳಿದು ನೇರ ಕಾಯಿಲ್ ಮೇಲೆ. "ಇಳಿಸಿ ತೊಳಸಿ" ಎಂದು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಗಾಜಿಗೆ ಗ್ಯಾರಂಟಿ ಇಲ್ಲ ಎಂದು ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ನಡುವೆ ಇನ್ನೂ ಏನೇನೋ ಮಾಡಿದೆ. ಗುಜರಿಗೆ ಬಂದ ಫ್ರಿಜ್ ಸ್ಟೆಬಿಲೈಸರ್‌ಗಳ ರಿಲೇ (ತಾನಾಗಿ ಕರೆಂಟ್ ಜೋಡಿಸಿ ಕಡಿಯುವ ಸ್ವಿಚ್) ಬೋರ್ಡ್ ಕಿತ್ತು, ವೋಲ್ಟೇಜ್ 265 ದಾಟಿದರೆ ಒಲೆಯನ್ನು ಕಡಿದುಹಾಕುವ ಡಬ್ಬಿ ಮಾಡಿದೆ. ಮೇಜಿನ ಮೇಲೆ ಚೆನ್ನಾಗಿ ನಡೆಯಿತು, ಮನೆಗಳಲ್ಲಿ ರಿಲೇಯ ಕಾಂಟ್ಯಾಕ್ಟ್‌ಗಳು ಅಂಟಿಕೊಂಡವು. ಫ್ರಿಜ್ಜಿನ ರಿಲೇಗೆ ಒಂಬತ್ತು ಆಂಪಿಯರ್ ದಿನವೂ ಹೊರುವ ಶಕ್ತಿ ಇಲ್ಲ. ಎ.ಸಿ. ಸ್ಟೆಬಿಲೈಸರಿನ ರಿಲೇ ಆದರೆ ಆಗುತ್ತದೆ, ಆದರೆ ಅದು ಚಿಂತಾಮಣಿಯ ಗುಜರಿಗೆ ಎಷ್ಟು ಬರುತ್ತದೆ? ಬಿಟ್ಟುಬಿಟ್ಟೆ. ಅಲ್ಯೂಮಿನಿಯಂ ವೈಂಡಿಂಗ್‌ನ ಅಗ್ಗದ ಮಿಕ್ಸಿಗಳಿಗೂ ಕೈ ಹಾಕಿದ್ದೆ. ಸೋಲ್ಡರ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡದ್ದು ಕಡಲೆಬೀಜದ ಚಟ್ನಿ ರುಬ್ಬುವ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ. ತಾಮ್ರದಲ್ಲಿ ಪೂರ್ತಿ ಸುತ್ತಿದರೆ ಮಿಕ್ಸಿಯ ಬೆಲೆಗೇ ಹೋಗುತ್ತದೆ.

ಎಲ್‌ಇಡಿ ಬಲ್ಬು ಮಾತ್ರ ಫಲ ಕೊಟ್ಟಿತು. ಇಪ್ಪತ್ತೈದು ಮೂವತ್ತು ರೂಪಾಯಿಯ 9 ವ್ಯಾಟ್ ಬಲ್ಬುಗಳಲ್ಲಿ ಎಲ್‌ಇಡಿಗಳನ್ನು ಮಿತಿ ಮೀರಿ ಉರಿಸುತ್ತಾರೆ. ಡ್ರೈವರ್ ಚಿಪ್ಪಿನ ಪಕ್ಕ ಜೋಡಿಯಾಗಿ ಇರುವ ಎರಡು ಸಣ್ಣ ರೆಸಿಸ್ಟರ್‌ಗಳಲ್ಲಿ ಒಂದನ್ನು ಕಿತ್ತರೆ ಕರೆಂಟ್ ಇಳಿಯುತ್ತದೆ, ಬೆಳಕು ತುಸು ಕಡಿಮೆಯಾಗುತ್ತದೆ, ಬಲ್ಬು ಕೈಗೆ ಬಿಸಿ ತಾಗುವುದಿಲ್ಲ. ಅಂಗಡಿಯಲ್ಲಿ ಹಾಗೆ ಮಾಡಿ ಹಾಕಿದ್ದು ಒಂದೂವರೆ ವರ್ಷದಿಂದ ಉರಿಯುತ್ತಿದೆ. ಇದರಲ್ಲಿ ಕಾಸು ಮಾತ್ರ ಹುಟ್ಟುವುದಿಲ್ಲ.

ಒಲೆಗೆ ಈಗ ನನ್ನ ದರ 700, ವೈರು ಪ್ಲಗ್ ಸೇರಿದರೆ 850. ಸಾಮಾನಿನ ಖರ್ಚು ಇನ್ನೂರೈವತ್ತರಿಂದ ಮುನ್ನೂರು, ಪ್ಲಗ್ ವೈರಿಗೆ ಬೇರೆ ನೂರು. ಗ್ಯಾರಂಟಿಯಲ್ಲಿ ವಾಪಸ್ ಬರುವುದು ಇಪ್ಪತ್ತರಲ್ಲಿ ಒಂದೋ ಎರಡೋ. 1,200ಕ್ಕೆ ಹೊಸದು ಸಿಗುವಾಗ 850 ಯಾರು ಕೊಡುತ್ತಾರೆ ಎಂದಿದ್ದರು. ಎರಡು ಸಲ ಹೊಸದು ಕೊಂಡು ಸುಟ್ಟವರು ಕೊಡುತ್ತಾರೆ. ಮೊದಲ ಸಲದವರು ಇವತ್ತಿಗೂ ಚೌಕಾಸಿ ಮಾಡಿ ಎದ್ದು ಹೋಗುತ್ತಾರೆ. ಕರೆಯುವುದಿಲ್ಲ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು; ಕಂಪನಿಗಳ ರಿಪೇರಿ, ಬಿಡಿಭಾಗದ ಮಾಹಿತಿ ಸಿಗಲಿ ಎಂದು ಮಾಡಿದ ಜಾಲತಾಣ ಅದು. ಡಬ್ಬಿಯ ಮೇಲೆ ತಯಾರಕರ ಹೆಸರೇ ಇಲ್ಲದ ಒಲೆಗೆ ಅಲ್ಲಿ ಯಾರನ್ನು ಹುಡುಕುವುದು?

ನನ್ನ ಪದ್ಧತಿಗೆ ಸದ್ಯ ಸಿಗದೇ ಉಳಿದಿರುವುದು ಹೊಸ ಬಗೆಯ ಬೋರ್ಡ್‌ಗಳು. ಅವುಗಳಲ್ಲಿ ಕಂಪೇರೇಟರ್ ಬೇರೆಯಾಗಿಲ್ಲ, ಎಲ್ಲವೂ ಒಂದೇ ಚಿಪ್ಪಿನೊಳಗೆ, ಚಿಪ್ಪಿನ ನಂಬರನ್ನು ಉಜ್ಜಿ ಅಳಿಸಿರುತ್ತಾರೆ. ಅದು ಹೋಗಿದ್ದರೆ ನಾನು ಗಂಟೆಗಟ್ಟಲೆ ಕೂರುವುದಿಲ್ಲ. ನೋಡಿದ ಕೂಲಿ 50 ರೂಪಾಯಿ ಕೇಳುತ್ತೇನೆ. ಒಲೆಯನ್ನು ನನಗೇ ಬಿಟ್ಟುಹೋಗುವುದಾದರೆ ಆ ಕೂಲಿಯೂ ಬೇಡ. ಗಾಜು ಚೆನ್ನಾಗಿದ್ದು ಕಾಯಿಲ್ ತಾಮ್ರದ್ದಾಗಿದ್ದರೆ ನಾನೇ ನೂರೈವತ್ತು ಕೊಡುತ್ತೇನೆ, ಕೆರೆದಾಗ ಬೆಳ್ಳಗೆ ಕಂಡರೆ ಐವತ್ತು.