ಕೆಲಸ ಆಮೇಲೆ, ಮೊದಲು ಮೊಬೈಲ್ ನಂಬರ್

ಪರಪ್ಪನ ಅಗ್ರಹಾರ ಜೈಲಿನಿಂದ ಬಿಡುಗಡೆಯಾದವರ ಜೊತೆ ಓಡಾಡಲು ಶುರು ಮಾಡಿದಾಗ ನನ್ನದು ಒಂದೇ ಲೆಕ್ಕ: ಒಂದು ಕೆಲಸ ಕೊಡಿಸಿದರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗುತ್ತೆ. ಮೊದಲನೆಯವರಿಗೆ ಅದನ್ನೇ ಮಾಡಿದೆ. ಒಳಗೆ ಬೇಕರಿಯಲ್ಲಿ ಪಳಗಿದ ಕೈ. ಊಟ, ಮಲಗಲು ಜಾಗ ಕೊಡುವ ಒಂದು ಬೇಕರಿಗೆ ಸೇರಿಸಿದೆ. ಮುಚ್ಚಿಡೋದು ಯಾಕೆ ಅಂತ ಮಾಲೀಕರಿಗೆ ಕೇಸಿನ ವಿಷಯವನ್ನೂ ಹೇಳಿಬಿಟ್ಟೆ. ಇವರನ್ನು ಒಂದು ಮಾತು ಕೇಳಲಿಲ್ಲ. ಸುದ್ದಿ ಹುಡುಗರ ಕಿವಿಗೂ ಬಿತ್ತು. ಗಲ್ಲಾದಲ್ಲಿ ಇನ್ನೂರು ರೂಪಾಯಿ ಕಮ್ಮಿ ಬಂದ ದಿನ ಎಲ್ಲರೂ ಇವರ ಮುಖವನ್ನೇ ನೋಡಿದರಂತೆ. ಅವತ್ತೇ ಚೀಲ ತಗೊಂಡು ಹೊರಟರು. ಆ ಇನ್ನೂರು ಹಾಲಿನವನ ಲೆಕ್ಕದಲ್ಲಿ ಸಿಕ್ಕಿತು. ತಪ್ಪು ನನ್ನದೇ. ಯಾರಿಗೆ ಎಷ್ಟು ಹೇಳಬೇಕು ಅನ್ನೋದನ್ನು ಈಗ ಅವರಿಗೇ ಬಿಟ್ಟಿದ್ದೇನೆ.

ಈಗ ಮೊದಲು ನೋಡುವುದು ಮೊಬೈಲ್ ನಂಬರ್.

ತುಮಕೂರು ಕಡೆಯವರೊಬ್ಬರು, ಜೀವಾವಧಿ ಶಿಕ್ಷೆಯಾಗಿ ಸನ್ನಡತೆ ಮೇಲೆ ಹೊರಬಂದವರು. ಒಳಗೆ ದುಡಿದ ಕೂಲಿ ದುಡ್ಡಿನ ಚೆಕ್ ಕೈಯಲ್ಲಿತ್ತು. ಹಾಕೋಣ ಅಂದರೆ ಹಳೇ ಖಾತೆ ನಿಷ್ಕ್ರಿಯ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಹಾಗಾಗುತ್ತೆ. ಮತ್ತೆ ಚಾಲೂ ಮಾಡಲು ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಆಗಬೇಕು. ಅದಕ್ಕೆ ಆಧಾರ್ ಬೇಕು, ಆಧಾರಿನ ಒಟಿಪಿ ಹೋಗೋದು ಒಳಗೆ ಹೋಗುವ ಮುಂಚಿನ ಸಿಮ್‌ಗೆ. (ಕರ್ನಾಟಕದಲ್ಲಿ ಆಧಾರ್ ಮೊದಲು ಶುರುವಾಗಿದ್ದೇ ಮೈಸೂರು, ತುಮಕೂರು ಜಿಲ್ಲೆಗಳಲ್ಲಿ. ಇವರೂ ಆಗಲೇ ಮಾಡಿಸಿದ್ದರು.) ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಹೆಂಗಸು ಎತ್ತಿ, "ಇದು ನಮ್ಮನೆ ನಂಬರ್ ಅಲ್ವಾ, ಐದು ವರ್ಷ ಆಯ್ತು" ಅಂದರು.

ಆಧಾರ್ ಸೆಂಟರಿಗೆ ಹೋದೆವು. ನಂಬರ್ ಬದಲಿಸಲು ದಾಖಲೆ ಬೇಡ, ಬೆರಳು ಒತ್ತಿದರೆ ಸಾಕು. ಆದರೆ ವರ್ಷಗಟ್ಟಲೆ ಮರಗೆಲಸ ಮಾಡಿ ಬೆರಳ ಗೆರೆಗಳೇ ಸವೆದಿದ್ದವು. ಐದು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಕೊನೆಗೆ ಕಣ್ಣು ಸ್ಕ್ಯಾನ್ ಮಾಡಿದರು. "ಒಳಗೆ ಹೋಗುವಾಗ ಹತ್ತೂ ಬೆರಳು ತಗೊಂಡಿದ್ರು ಸಾರ್, ಆಗ ಏನೂ ತೊಂದ್ರೆ ಆಗ್ಲಿಲ್ಲ ನೋಡಿ" ಅಂತ ನಕ್ಕರು.

ಇದನ್ನೆಲ್ಲ ಪೆರೋಲ್ ಮೇಲೆ ಬಂದಾಗಲೇ ಮಾಡಿಸಬಹುದು ಅಂತ ನನಗೆ ಹೊಳೆದದ್ದು ತಡವಾಗಿ. ಸಿಮ್, ಆಧಾರ್, ರೇಷನ್ ಕಾರ್ಡಿನಿಂದ ಹೆಸರು ಹೋಗಿದ್ದರೆ ಅದು, ಎಲ್ಲಾ. ಬೇರೆ ಕೇಸಿನ ವಾರಂಟ್ ಬಾಕಿ ಇದೆಯಾ ಅಂತಲೂ ಆಗಲೇ ನೋಡಬೇಕು, ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್ ಕರ್ಕೊಂಡು ಹೋಗ್ತಾರೆ. ಉಚಿತ ವಕೀಲರು ಬೇಕಿದ್ದರೆ ಕಾನೂನು ಸೇವೆಯ 15100ಕ್ಕೆ ಫೋನ್ ಮಾಡಿಸುತ್ತೇನೆ. ಊರಿನ ಗಾಳಿ ಹೇಗಿದೆ ಅನ್ನೋದೂ ಪೆರೋಲಿನಲ್ಲೇ ಗೊತ್ತಾಗುತ್ತೆ. ಕೊಲೆ ಕೇಸಾಗಿ, ಸತ್ತವರ ಮನೆ ಅದೇ ಬೀದಿಯಲ್ಲಿದ್ದರೆ ಸದ್ಯಕ್ಕೆ ಊರು ಬೇಡ ಅಂತ ನಾನೇ ಹೇಳುತ್ತೇನೆ. ಅದಕ್ಕೆ ಬೈಸಿಕೊಂಡಿದ್ದೂ ಇದೆ.

ಮನೆಯವರಿಗೂ ಕೆಲವು ಮಾತು ಮೊದಲೇ ಹೇಳಬೇಕು. ಒಳಗೆ ಸಂಜೆಯೇ ಊಟ ಕೊಟ್ಟು, ಎಣಿಕೆ ಮಾಡಿ ಬೀಗ ಹಾಕ್ತಾರೆ. ತುಮಕೂರಿನವರು ಮನೆಗೆ ಬಂದ ಮೊದಲ ದಿನ ಐದು ಗಂಟೆಗೇ ತಟ್ಟೆ ತೊಳೆದುಕೊಂಡು ಬಂದು ಅಡುಗೆಮನೆ ಮುಂದೆ ಕೂತರಂತೆ. ಅತ್ತಿಗೆ ಇನ್ನೂ ಒಲೆಗೆ ಎಸರು ಇಟ್ಟಿರಲಿಲ್ಲ. ಪುಣ್ಯಾತ್ಗಿತ್ತಿ ಏನೂ ಅನ್ನದೆ ಒಂದು ತಿಂಗಳು ಐದಕ್ಕೇ ಮುದ್ದೆ ಮಾಡಿ ಹಾಕಿದರು. ಹೋದ ವಾರ ಫೋನ್ ಮಾಡಿದ್ದೆ. ಈಗ ಅವರ ಊಟ ಏಳು ಗಂಟೆಗೆ ಬಂದಿದೆಯಂತೆ.