ಹೊಂಡಕ್ಕೆ ಮೀನು ಮರಿ: ಚೀಲ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಸಾವಿರ ಮರಿ ಬಿಟ್ಟು, ವರ್ಷದ ಕೊನೆಗೆ ಬಲೆ ಎಳೆದಾಗ ನೂರು ಮೀನೂ ಸಿಗದೆ ಕೈಚೆಲ್ಲುವವರು ಮಂಡ್ಯ, ಮೈಸೂರಿನ ಕಡೆ ಕಡಿಮೆಯಿಲ್ಲ. ತಪ್ಪನ್ನು ನೀರುಕಾಗೆಯ ತಲೆಗೋ ರಾತ್ರಿ ಬಲೆ ಬೀಸಿದ ಕಳ್ಳರ ತಲೆಗೋ ಕಟ್ಟುತ್ತಾರೆ. ಅವರ ಪಾಲೂ ಇರಬಹುದು. ಆದರೆ ಮರಿ ಹೆಚ್ಚಾಗಿ ಸಾಯುವುದು ಬಿಟ್ಟ ದಿನ ಅಥವಾ ಮರುದಿನ, ಯಾರ ಕಣ್ಣಿಗೂ ಬೀಳದೆ. ಸತ್ತ ಸಣ್ಣ ಮರಿ ತಕ್ಷಣ ತೇಲುವುದಿಲ್ಲ, ತಳ ಸೇರುತ್ತದೆ. 'ಒಂದೂ ತೇಲಿಲ್ಲ' ಎಂಬ ಧೈರ್ಯದಲ್ಲಿ ಇಲ್ಲದ ಮೀನಿಗೆ ತಿಂಗಳುಗಟ್ಟಲೆ ತೌಡು ಸುರಿಯುವವರಿದ್ದಾರೆ.

ಮೊದಲು ಯಾವ ಮೀನು ಎಂಬುದನ್ನು ಮುಗಿಸಿಬಿಡೋಣ. ವಿಡಿಯೊ ನೋಡಿ ಟ್ರೌಟ್ ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ಟ್ರೌಟ್ ತಣ್ಣೀರಿನ ಮೀನು. 10ರಿಂದ 18 ಡಿಗ್ರಿ ಸೆಲ್ಸಿಯಸ್‌ನ, ಹರಿಯುವ, ತಿಳಿನೀರು ಅದಕ್ಕೆ ಬೇಕು. ನೀಲಗಿರಿಯ ಅವಲಾಂಚೆಯಲ್ಲಿ, ಮುನ್ನಾರಿನ ಎತ್ತರದ ತೊರೆಗಳಲ್ಲಿ ಅದು ಬದುಕುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟುವ ಮದ್ದೂರಿನ ಹೊಂಡದಲ್ಲಿ ಅದು ಬದುಕುವ ಮಾತೇ ಇಲ್ಲ. ಇಲ್ಲಿಗೆ ಹೊಂದುವುದು ಗೆಂಡೆ ಜಾತಿಗಳೇ: ಮೇಲ್ಪದರದಲ್ಲಿ ಮೇಯುವ ಕಾಟ್ಲಾ, ನಡುವಿನಲ್ಲಿ ರೋಹು, ತಳದಲ್ಲಿ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ. ಪಾಚಿ, ಜೊಂಡು ಇದ್ದರೆ ನಾಲ್ಕಾರು ಹುಲ್ಲುಗೆಂಡೆ ಸೇರಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅದರ ಸಾಕಣೆಗೆ ದೇಶದಲ್ಲೇ ನಿಷೇಧವಿದೆ, ಮಳೆಗಾಲದಲ್ಲಿ ತಪ್ಪಿಸಿಕೊಂಡು ನಾಲೆ ಸೇರಿದರೆ ಅಲ್ಲಿನ ಮೀನನ್ನೆಲ್ಲ ತಿಂದುಹಾಕುತ್ತದೆ.

ಎಷ್ಟು ಮರಿ?

ನೀರಿಗೆ ಗಾಳಿ ತುಂಬುವ ಯಂತ್ರವಿಲ್ಲದ ಹೊಂಡದಲ್ಲಿ ಹೆಕ್ಟೇರಿಗೆ 5,000 ಬೆರಳುದ್ದದ ಮರಿ ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಅಂದರೆ ಗುಂಟೆಗೆ 50. ಇಪ್ಪತ್ತೊಂದು ಮೀಟರ್ ಚೌಕದ ಕೃಷಿ ಹೊಂಡ ನಾಲ್ಕು ಗುಂಟೆ ಚಿಲ್ಲರೆ ಆಗುತ್ತದೆ, ಅದಕ್ಕೆ 200 ಮರಿ ಸಾಕು. ಇಷ್ಟೇನಾ ಎಂದು ಸಾವಿರ ಬಿಟ್ಟರೆ ವರ್ಷವಾದರೂ ಅಂಗೈಯಗಲದ ಮೀನೇ ಸಿಗುವುದು. ಇನ್ನೊಂದು ಮಾತು: ಹೊಂಡದ ಬದಿ ಇಳಿಜಾರಾಗಿರುವುದರಿಂದ ನೀರು ಇಳಿದಂತೆ ಅಗಲವೂ ಕುಗ್ಗುತ್ತದೆ. ಆದ್ದರಿಂದ ಸೆಪ್ಟೆಂಬರಿನ ತುಂಬು ನೀರು ನೋಡಿ ಲೆಕ್ಕ ಹಾಕಬೇಡಿ, ಏಪ್ರಿಲ್‌ನಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಿ ಹಾಕಿ.

ಮಣ್ಣಿನ ಹೊಂಡಕ್ಕೆ ನೂರರಲ್ಲಿ 40 ಕಾಟ್ಲಾ, 30 ರೋಹು, 30 ಮೃಗಾಲ್ ಒಳ್ಳೆಯ ಹದ. ಏರಿ ಹೊಸದಾಗಿದ್ದರೆ ಸಾಮಾನ್ಯ ಗೆಂಡೆ ಬೇಡ, ಅದು ಏರಿಯ ಬುಡವನ್ನೇ ಕೆದಕುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ತಳದಲ್ಲಿ ಮೇಯಲು ಹೆಚ್ಚೇನೂ ಇರುವುದಿಲ್ಲ. ಅಲ್ಲಿ 40 ಕಾಟ್ಲಾ, 40 ರೋಹು, 20 ಸಾಮಾನ್ಯ ಗೆಂಡೆ ಬಿಡಿ, ತಳಕ್ಕೆ ಅರ್ಧ ಅಡಿ ಮಣ್ಣು ಹರಡಿ.

ಹೊಂಡ ಸಿದ್ಧಪಡಿಸುವುದು

ಬತ್ತುವ ಹೊಂಡವಾದರೆ ತಳ ಬಿರುಕು ಬಿಡುವ ತನಕ ಒಣಗಿಸಿ, ಅಷ್ಟೇ. ಬತ್ತದ ಹೊಂಡದಲ್ಲಿ ಕೊರವ, ಜಿಲೇಬಿಯಂಥವು ಇದ್ದೇ ಇರುತ್ತವೆ. ಅವನ್ನು ತೆಗೆಯದೆ ಮರಿ ಬಿಡುವುದೆಂದರೆ ಕೊರವಕ್ಕೆ ದುಡ್ಡು ಕೊಟ್ಟು ಊಟ ತಂದಂತೆ. ಇದಕ್ಕೆ ಇಪ್ಪೆ ಹಿಂಡಿಯೇ ಉತ್ತಮ. ಒಂದು ಮೀಟರ್ ಆಳದ ನೀರಿಗೆ ಗುಂಟೆಗೆ 25 ಕೆ.ಜಿ. ರಾತ್ರಿ ನೆನೆಸಿ, ಬೆಳಿಗ್ಗೆ ಹೊಂಡದ ತುಂಬ ಎರಚಿ, ಬಲೆ ಎಳೆದು ಕದಡಿ. ಹಿಂಡಿಯ ವಿಷ ಇಳಿಯಲು ಎರಡರಿಂದ ಮೂರು ವಾರ ಬೇಕು, ಆಮೇಲೆ ಅದೇ ಗೊಬ್ಬರವಾಗುತ್ತದೆ. ಬ್ಲೀಚಿಂಗ್ ಪುಡಿಯಾದರೆ ಅಷ್ಟೇ ನೀರಿಗೆ ಗುಂಟೆಗೆ ಮೂರೂವರೆ ಕೆ.ಜಿ., ವಾರ ಹತ್ತು ದಿನ ಕಾದರೆ ಸಾಕು. ಆದರೆ ಅಂಗಡಿಯಲ್ಲಿ ಬಾಯಿ ಬಿಚ್ಚಿಟ್ಟ ಮೂಟೆಯದು ಬೇಡ. ಅದರ ಕ್ಲೋರಿನ್ ಆಗಲೇ ಗಾಳಿಗೆ ಹೋಗಿರುತ್ತದೆ, ಮೂರುಪಟ್ಟು ಹಾಕಿದರೂ ಕೊರವ ಆರಾಮವಾಗಿರುತ್ತದೆ. ಕೀಟನಾಶಕ ಸುರಿದು ಮೀನು ಸಾಯಿಸುವ ಅಡ್ಡದಾರಿ ಖಂಡಿತ ಬೇಡ. ಆ ವಿಷ ತಳದ ಕೆಸರಿನಲ್ಲಿ ಉಳಿಯುತ್ತದೆ, ಆ ನೀರನ್ನು ದನವೂ ಕುಡಿಯುತ್ತದೆ.

ಸುಣ್ಣವನ್ನು ಕಣ್ಣುಮುಚ್ಚಿ ಹಾಕಬೇಡಿ. ಮಣ್ಣು ಹುಳಿಯಾಗಿದ್ದರೆ ಗುಂಟೆಗೆ ಎರಡೂವರೆಯಿಂದ ಐದು ಕೆ.ಜಿ. ಸರಿ. ಆದರೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಚೌಳು ಭೂಮಿಯ ನೀರು ಮೊದಲೇ ಕ್ಷಾರ. ಪಿ.ಎಚ್. (ಹುಳಿ–ಕ್ಷಾರದ ಅಳತೆ) 8.5 ದಾಟಿದ್ದರೆ ಸುಣ್ಣ ಬೇಡವೇ ಬೇಡ. ಪರೀಕ್ಷೆಗೆ ಮಂಡ್ಯದ ವಿ.ಸಿ. ಫಾರಂನಲ್ಲಿ, ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮರಿ ಬಿಡುವುದಕ್ಕೆ ಹದಿನೈದು ದಿನ ಮೊದಲು ಗುಂಟೆಗೆ 20ರಿಂದ 30 ಕೆ.ಜಿ. ಸಗಣಿಯನ್ನು ನೀರಿನಲ್ಲಿ ಕದಡಿ ಎರಚಿ. ಇಪ್ಪೆ ಹಿಂಡಿ ಹಾಕಿದ್ದರೆ ಅರ್ಧ ಸಾಕು. ನೀರು ತಿಳಿಹಸಿರಿಗೆ ತಿರುಗಬೇಕು. ಮೊಣಕೈ ತನಕ ಕೈ ಅದ್ದಿದಾಗ ಅಂಗೈ ಮಸುಕಾಗಿ ಕಂಡರೆ ಹದ ಬಂದಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಗೊಬ್ಬರ ಜಾಸ್ತಿಯಾಗಿದೆ, ನಿಲ್ಲಿಸಿ.

ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಎರಡು ಪದರ ಕಟ್ಟಿ. ಗದ್ದೆ, ಕಬ್ಬಿನ ತೋಟದ ಬಸಿನೀರು ಮಾತ್ರ ಒಳಗೆ ಬರಲೇಕೂಡದು. ಔಷಧಿ ಹೊಡೆದ ಮರುದಿನ ಒಂದು ಮಳೆ ಬಂದರೂ ಸಾಕು, ಹೊಂಡ ಖಾಲಿಯಾಗುತ್ತದೆ.

ಮರಿ ಕೊಳ್ಳುವಾಗ

ಗೆಂಡೆ ಮೀನು ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಹಾಗಾಗಿ ಮೂರರಿಂದ ನಾಲ್ಕು ಇಂಚಿನ ಬೆರಳುದ್ದದ ಮರಿ ಸಿಗುವುದು ಆಗಸ್ಟ್‌ನಿಂದ ಅಕ್ಟೋಬರ್ ತನಕ. ಜುಲೈನಲ್ಲಿ 'ಬೆರಳುದ್ದದ್ದು' ಎಂದು ಮಾರುವುದು ಬಹುಪಾಲು ಒಂದಿಂಚಿನ ಮರಿ. ಅದು ಅಗ್ಗ ನಿಜ, ಆದರೆ ಹೊಂಡಕ್ಕೆ ನೇರವಾಗಿ ಬಿಟ್ಟರೆ ಏರೋಪ್ಲೇನ್ ಚಿಟ್ಟೆಯ ಹುಳುವೇ ಅದನ್ನು ಹಿಡಿದು ತಿನ್ನುತ್ತದೆ. ಸಣ್ಣದನ್ನೇ ಕೊಂಡರೆ ಹೊಂಡದೊಳಗೆ ನಾಲ್ಕು ಗೂಟ ನೆಟ್ಟು, ಸೊಳ್ಳೆ ಪರದೆಯಂಥ ಬಲೆಯ ಪೆಟ್ಟಿಗೆ ಕಟ್ಟಿ, ಎರಡು ಮೂರು ತಿಂಗಳು ಅದರಲ್ಲೇ ಸಾಕಿ.

ಕೆ.ಆರ್.ಎಸ್.ನಲ್ಲಿ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರವಿದೆ, ಖಾಸಗಿಯವರೂ ಇದ್ದಾರೆ. ಎಲ್ಲಿ ಕೊಂಡರೂ ಒಂದು ಪರೀಕ್ಷೆ ಮಾಡಿ. ನಾಲ್ಕಾರು ಮರಿಯನ್ನು ಟಬ್ಬಿಗೆ ಹಾಕಿ, ನೀರನ್ನು ಕೈಯಿಂದ ಸುತ್ತ ತಿರುಗಿಸಿ. ಗಟ್ಟಿ ಮರಿ ಸುಳಿಗೆ ಎದುರಾಗಿ ಈಜುತ್ತದೆ, ಬಡಕಲು ಮರಿ ನಡುವಿಗೆ ಬಂದು ಬೀಳುತ್ತದೆ. ಹುರುಪೆ ಕಿತ್ತದ್ದು, ಕೆಂಪು ಚುಕ್ಕೆಯದ್ದು, ಹತ್ತಿಯಂಥ ಬಿಳಿ ಮಚ್ಚೆಯದ್ದು ಬೇಡ. ಮರಿಯನ್ನು ಬಟ್ಟಲಲ್ಲಿ ಅಳೆದು ಕೊಡುವುದಾದರೆ ಮೊದಲ ಬಟ್ಟಲಲ್ಲ, ನಡುವಿನ ಒಂದು ಬಟ್ಟಲನ್ನು ನೀವೇ ಎಣಿಸಿ.

ಹಿಂದಿನ ದಿನವೇ ಫೋನ್ ಮಾಡಿ, ನಿಮಗೆ ಕೊಡುವ ಮರಿಗೆ ಒಂದು ದಿನ ಮೇವು ಹಾಕದೆ ಇಡಲು ಹೇಳಿ. ಹೊಟ್ಟೆ ತುಂಬಿದ ಮರಿ ಚೀಲದಲ್ಲೇ ಹೊಲಸು ಮಾಡುತ್ತದೆ, ಅದೇ ಅದಕ್ಕೆ ವಿಷವಾಗುತ್ತದೆ. ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಎರಡು ಪಾಲು ಆಮ್ಲಜನಕ ಇರಬೇಕು. ಗೂಡ್ಸ್ ಆಟೊದ ತಗಡಿನ ಮೇಲೆ ನೇರವಾಗಿ ಇಡಬೇಡಿ. ಕೆಳಗೆ ಭತ್ತದ ಹುಲ್ಲು, ಮೇಲೆ ಒದ್ದೆ ಗೋಣಿ ಹಾಕಿ. ದಾರಿಯಲ್ಲಿ ಕಾಫಿಗೆಂದು ಬಿಸಿಲಲ್ಲಿ ಗಾಡಿ ನಿಲ್ಲಿಸಬೇಡಿ.

ನೀರಿಗೆ ಇಳಿಸುವುದು

ಎಲ್ಲ ಕೆಡುವುದು ಇಲ್ಲಿ. ಗಾಡಿ ಬಂದ ಕೂಡಲೇ ಚೀಲ ಬಿಚ್ಚಿ ಸುರಿದುಬಿಡುವುದು ಒಂದು ತಪ್ಪು. ಚೀಲ ಬಿಚ್ಚಿಟ್ಟು, ಫೋಟೊಗೆಂದು ಎಲ್ಲರೂ ಬರುವ ತನಕ ಕಾಯುವುದು ಅದಕ್ಕಿಂತ ದೊಡ್ಡ ತಪ್ಪು. ಯಾಕೆಂದು ತಿಳಿದುಕೊಂಡರೆ ಕ್ರಮ ತಾನೇ ನೆನಪಿರುತ್ತದೆ.

ಚೀಲದೊಳಗೆ ಮರಿಗಳು ಉಸಿರಾಡುತ್ತ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಅದರಿಂದ ಚೀಲದ ನೀರು ಹುಳಿಯಾಗುತ್ತದೆ. ಅವು ಹೊರಹಾಕಿದ ಅಮೋನಿಯಾವೂ ಅಲ್ಲೇ ಸೇರಿರುತ್ತದೆ. ನೀರು ಹುಳಿಯಾಗಿರುವ ತನಕ ಆ ಅಮೋನಿಯಾ ಹೆಚ್ಚು ಕೇಡು ಮಾಡುವುದಿಲ್ಲ. ಬಾಯಿ ಬಿಚ್ಚಿದ ಕ್ಷಣದಿಂದ ಆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿ.ಎಚ್. ಏರುತ್ತದೆ, ಅದೇ ಅಮೋನಿಯಾ ಆಗ ಕಿವಿರನ್ನು ಸುಡುವ ವಿಷವಾಗುತ್ತದೆ. ಆದ್ದರಿಂದ ಬಿಸಿ–ತಂಪಿನ ಹೊಂದಾಣಿಕೆಯನ್ನು ಕಟ್ಟಿದ ಚೀಲದಲ್ಲೇ ಮುಗಿಸಬೇಕು. ಬಿಚ್ಚಿದ ಮೇಲೆ ನಿಮಗಿರುವುದು ಕಾಲು ಗಂಟೆ ಮಾತ್ರ.

ಸಮಯ ಬೆಳಿಗ್ಗೆ ಏಳರಿಂದ ಒಂಬತ್ತು. ಸಂಜೆಯಾದರೂ ಆದೀತು ಎನ್ನುವವರಿದ್ದಾರೆ, ನಮ್ಮ ಮಟ್ಟಿಗೆ ಬೇಡ. ಹಸಿರು ನೀರಿನ ಹೊಂಡದಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತ ಹೋಗಿ, ಬೆಳಗಿನ ಜಾವಕ್ಕೆ ತೀರಾ ಕಡಿಮೆಯಾಗುತ್ತದೆ. ದಣಿದ ಮರಿಗೆ ಮೊದಲ ರಾತ್ರಿಯೇ ಆ ಪರೀಕ್ಷೆ ಯಾಕೆ? ಬೆಳಿಗ್ಗೆ ಬಿಟ್ಟರೆ ಸುಧಾರಿಸಿಕೊಳ್ಳಲು ಇಡೀ ಹಗಲು ಸಿಗುತ್ತದೆ. ನಡುಹಗಲಂತೂ ಬೇಡವೇ ಬೇಡ, ಆಗ ಮೇಲ್ನೀರು ಬಿಸಿಯಾಗಿ ಪಿ.ಎಚ್. ಕೂಡ ಏರಿರುತ್ತದೆ.

ಕಟ್ಟಿದ ಚೀಲವನ್ನು ಹಾಗೇ ನೆರಳಿರುವ ಕಡೆ ಹದಿನೈದಿಪ್ಪತ್ತು ನಿಮಿಷ ತೇಲಬಿಡಿ. ನೆರಳಿಲ್ಲದಿದ್ದರೆ ಮೇಲೆ ಒದ್ದೆ ಗೋಣಿ ಹೊದಿಸಿ. ಬಿಸಿಲಲ್ಲಿ ತೇಲುವ ಪ್ಲಾಸ್ಟಿಕ್ ಚೀಲ ಒಲೆಯ ಮೇಲಿಟ್ಟ ಪಾತ್ರೆಯಂತೆ ಕಾಯುತ್ತದೆ. ಆಮೇಲೆ ಒಂದೊಂದೇ ಚೀಲ ಬಿಚ್ಚಿ, ಎಲ್ಲವನ್ನೂ ಒಟ್ಟಿಗೆ ಅಲ್ಲ. ಚೀಲದ ನೀರಿನ ಕಾಲು ಭಾಗದಷ್ಟು ಹೊಂಡದ ನೀರನ್ನು ಚೊಂಬಿನಲ್ಲಿ ನಿಧಾನವಾಗಿ ಹಾಕಿ. ಮೂರ್ನಾಲ್ಕು ನಿಮಿಷ ಬಿಟ್ಟು ಮತ್ತೆ ಅಷ್ಟು. ಹೀಗೆ ನಾಲ್ಕು ಸಲ. ಕೊನೆಗೆ ಚೀಲದ ಬಾಯನ್ನು ನೀರಿನೊಳಗೆ ಓರೆಯಾಗಿಸಿ ಹಿಡಿಯಿರಿ, ಮರಿ ತಾನಾಗಿ ಈಜಿ ಹೊರಗೆ ಹೋಗಲಿ. ಮೇಲಿಂದ ಸುರಿದರೆ ಪೆಟ್ಟು ತಿನ್ನುವುದು ಮೊದಲು ಕಾಟ್ಲಾ, ಅದು ಅಷ್ಟು ಸೂಕ್ಷ್ಮ. ಕೆಸರು ತುಳಿದು ಕದಡಿದ ಮೂಲೆ ಬಿಟ್ಟು, ಎರಡು ಮೂರು ಅಡಿ ತಿಳಿನೀರಿರುವ ಕಡೆ ಬಿಡಿ.

ಉಪ್ಪುನೀರಿನಲ್ಲಿ ಅದ್ದಿ ಬಿಡುವ ಪದ್ಧತಿಯೂ ಇದೆ, ಲೀಟರಿಗೆ 30 ಗ್ರಾಂ ಕಲ್ಲುಪ್ಪು, ಒಂದೆರಡು ನಿಮಿಷ. ಮೈಮೇಲೆ ಗಾಯ ಕಂಡರೆ ಮಾಡಿ. ಇಲ್ಲದಿದ್ದರೆ ಬೇಡ, ದಣಿದ ಮರಿಯನ್ನು ಇನ್ನೊಂದು ಸಲ ಬಲೆಯಲ್ಲಿ ಎತ್ತುವುದೇ ಹೆಚ್ಚು ಕೇಡು.

ಒಂದು ಸಣ್ಣ ಕೆಲಸವನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ಮಾಡಿ. ಎರಡು ದಿನ ಮೊದಲೇ ಹತ್ತು ಮರಿ ತಂದು ಬಲೆಯ ಪೆಟ್ಟಿಗೆಯಲ್ಲಿ ಒಂದು ಹಗಲು, ಒಂದು ರಾತ್ರಿ ಇಡಿ. ಅವು ಬದುಕಿದರೆ ಇಪ್ಪೆ ಹಿಂಡಿಯ ವಿಷ ಇಳಿದಿದೆ ಎಂದರ್ಥ. ಬಿಡುವ ದಿನವೂ ಇಪ್ಪತ್ತು ಮರಿಯನ್ನು ಅದೇ ಪೆಟ್ಟಿಗೆಗೆ ಹಾಕಿ, ಎರಡು ದಿನ ಕಳೆದು ಎಣಿಸಿ. ಹದಿನೆಂಟಿದ್ದರೆ ಹೊಂಡದಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣ. ಹತ್ತೇ ಇದ್ದರೆ, ಮೇವಿನ ಲೆಕ್ಕವನ್ನೂ ಅರ್ಧಕ್ಕೆ ಇಳಿಸಿ.

ಹಾಳೆ ಹಾಸಿದ ಹೊಂಡಕ್ಕೆ ಇಳಿಯುವ ಮುನ್ನ ಗೂಟಕ್ಕೆ ಕಟ್ಟಿದ ಗಂಟುಹಗ್ಗ ಎರಡು ಬದಿಯಲ್ಲಿ ನೀರಿನ ತನಕ ಇಳಿಬಿಟ್ಟಿರಬೇಕು. ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು. ಸುತ್ತ ಬೇಲಿಯಿಲ್ಲದ ಹೊಂಡದಲ್ಲಿ ಮೀನು ಬಿಡಬೇಡಿ. ಮೀನಿದೆ ಎಂದು ಗೊತ್ತಾದರೆ ಮಕ್ಕಳು ಬಂದೇ ಬರುತ್ತಾರೆ.

ಆಮೇಲಿನದು

ಮೊದಲ ದಿನ ಮೇವು ಬೇಡ. ನಂತರ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಮೊದಲು ಮೀನಿನ ಒಟ್ಟು ತೂಕದ ನೂರಕ್ಕೆ ಐದು, ದೊಡ್ಡವಾದ ಮೇಲೆ ನೂರಕ್ಕೆ ಎರಡು. ಹದಿನೈದು ಗ್ರಾಂನ 200 ಮರಿಗೆ ದಿನಕ್ಕೆ 150 ಗ್ರಾಂ ಸಾಕು, ಬೊಗಸೆಗಟ್ಟಲೆ ಬೇಡ. ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿದರೆ ಉಳಿದದ್ದು ಕಾಣುತ್ತದೆ. ಉಮಿ ಬೆರೆಸಿದ ತೌಡು ಮಿಲ್ಲುಗಳಲ್ಲಿ ಧಾರಾಳ, ಅಂಗೈಯಲ್ಲಿ ಉಜ್ಜಿದರೆ ಚುಚ್ಚುತ್ತದೆ, ಕೊಳ್ಳಬೇಡಿ. ಕಮಟು ವಾಸನೆಯದ್ದೂ ಬೇಡ. ಅಂಗಡಿಯವರು ಒತ್ತಾಯಿಸುವ 'ಬೆಳವಣಿಗೆ ಟಾನಿಕ್'ಗೆ ದುಡ್ಡು ಹಾಕುವ ಬದಲು ಇನ್ನೊಂದು ಮೂಟೆ ಹಿಂಡಿ ತನ್ನಿ.

ಮೋಡ ಕವಿದ ದಿನಗಳ ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಕಟ್ಟಿದೆ. ಮೇವು, ಸಗಣಿ ಎರಡನ್ನೂ ನಿಲ್ಲಿಸಿ, ಮೋಟರ್ ಹಾಕಿ ಹೊಂಡದ ನೀರನ್ನೇ ಮೇಲಿನಿಂದ ಚಿಮ್ಮಿಸಿ. ನೀರುಕಾಗೆಗೆ ಹೊಂಡದ ಮೇಲೆ ಎರಡಡಿಗೊಂದರಂತೆ ನೈಲಾನ್ ದಾರ ಎಳೆದರೆ ಸಾಕು.

ಯುಗಾದಿಯ ಹೊತ್ತಿಗೆ ನೀರು ಇಳಿಯತೊಡಗುತ್ತದೆ. ಆಗ ಒಮ್ಮೆ ಬಲೆ ಎಳೆದು ಮುಕ್ಕಾಲು ಕೆ.ಜಿ. ದಾಟಿದವನ್ನು ಹಿಡಿದು ಮಾರಿ, ಸಣ್ಣವನ್ನು ಒದ್ದೆ ಕೈಯಲ್ಲಿ ಹಿಡಿದು ವಾಪಸ್ ಬಿಡಿ. ಉಳಿದವಕ್ಕೆ ಮುಂಗಾರಿನ ತನಕ ಆ ನೀರು ಸಾಕಾಗುತ್ತದೆ.